ಉಕ್ಕಿಗೂ ಅಲ್ಯೂಮಿನಿಯಂಗೂ ಬೆಸುಗೆ ಏಕೆ ಕೂಡುವುದಿಲ್ಲ?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯೊಬ್ಬಳ ಲೇಖನ

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ನನ್ನ ಭಾಯಿಜಾನ್ ಕೆಲಸ ಮಾಡುವ ಸಣ್ಣ ಕಾರ್ಖಾನೆಗೆ ಆರು ನೂರು ತುಂಡುಗಳ ಒಂದು ಸರಕು ವಾಪಸ್ ಬಂತು. ಉಕ್ಕಿನ ಬ್ರಾಕೆಟ್ಟಿಗೆ ಅಲ್ಯೂಮಿನಿಯಂ ತಗಡನ್ನು ರಿವೆಟ್ ಹೊಡೆದು ಕೂಡಿಸಿದ ತುಂಡುಗಳವು. ಕೊಂಡವರು ಹೊರ ಜಿಲ್ಲೆಯವರು. ಸರಕು ಕರಾವಳಿ ಕಡೆ ಬಳಕೆಯಾಗಿತ್ತು. ಎರಡು ಲೋಹ ಸೇರುವ ಜಾಗದಲ್ಲೆಲ್ಲ ಬಿಳಿ ಪುಡಿ ಕಟ್ಟಿ, ತಗಡು ತೂತಾಗಿ, ರಿವೆಟ್ ಸಡಿಲವಾಗಿತ್ತು. ಮಾಲೀಕರು ತಮ್ಮ ಖರ್ಚಿನಲ್ಲೇ ಎಲ್ಲವನ್ನೂ ಮತ್ತೆ ಮಾಡಿಕೊಡಬೇಕಾಯಿತು. ಅದರಿಂದ ಎರಡು ತಿಂಗಳು ಯಾರಿಗೂ ಓವರ್‌ಟೈಮ್ ಸಿಗಲಿಲ್ಲ. ನನ್ನ ಅಕೌಂಟೆನ್ಸಿ ಟ್ಯೂಷನ್ ಫೀಸು ಆ ಓವರ್‌ಟೈಮ್ ಹಣದಿಂದಲೇ ಬರುತ್ತಿತ್ತು. ಹಾಗಾಗಿ ಆ ಬಿಳಿ ಪುಡಿ ನಮ್ಮ ಮನೆಯವರೆಗೂ ಬಂತು.

ರಾತ್ರಿ ಊಟಕ್ಕೆ ಕೂತಾಗ ನಾನು ಕೇಳಿದೆ: "ಭಾಯಿಜಾನ್, ರಿವೆಟ್ ಯಾಕೆ? ನೀವು ವೆಲ್ಡರ್ ಅಲ್ಲವೇ, ಬೆಸೆದುಬಿಟ್ಟರೆ ಆಗುತ್ತಿರಲಿಲ್ಲವೇ?"

ಅವರು ನಕ್ಕರು. "ಆ ಎರಡರ ನಿಕಾಹ್ ಆಗುವುದಿಲ್ಲ" ಎಂದರು.

ಯಾಕೆ ಆಗುವುದಿಲ್ಲ ಎಂದು ಕೇಳಿದರೆ ಅವರ ಹತ್ತಿರ ಪೂರ್ತಿ ಉತ್ತರವಿರಲಿಲ್ಲ. ನಾನು ವಾಣಿಜ್ಯ ವಿಭಾಗದವಳು. ನಮ್ಮ ಕಾಲೇಜಿನ ಭೌತಶಾಸ್ತ್ರದ ಸರ್ ಮತ್ತು ರಸಾಯನಶಾಸ್ತ್ರದ ಮೇಡಂ ಇಬ್ಬರನ್ನೂ ಸ್ಟಾಫ್ ರೂಮಿನಲ್ಲಿ ಕಾಡಿ, ಗ್ರಂಥಾಲಯದಲ್ಲಿ ಕೂತು, ಒಂದು ರಜೆಯ ದಿನ ಭಾಯಿಜಾನ್ ಜೊತೆ ಕಾರ್ಖಾನೆಗೂ ಹೋಗಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ವಿಜ್ಞಾನ ಓದದವರಿಗೂ ತಿಳಿಯಲಿ ಎಂಬುದು ನನ್ನ ಆಸೆ.

ನಮ್ಮ ಬೇಲೂರು

ಬೇಲೂರು ಎಂದರೆ ಎಲ್ಲರಿಗೂ ಹಾಸನ ಜಿಲ್ಲೆಯ ಚೆನ್ನಕೇಶವ ದೇವಾಲಯ ನೆನಪಾಗುತ್ತದೆ. ಧಾರವಾಡದವರಿಗೆ ಇನ್ನೊಂದು ಬೇಲೂರು ಇದೆ. ಧಾರವಾಡದಿಂದ ಬೆಳಗಾವಿ ಕಡೆಗೆ ಪಿ.ಬಿ. ರಸ್ತೆಯಲ್ಲಿ ಹೋದರೆ ಮುಮ್ಮಿಗಟ್ಟಿಯ ಬಳಿ ಬರುವ ಬೇಲೂರು ಕೈಗಾರಿಕಾ ಪ್ರದೇಶ ಅದು. ಟಾಟಾ ಮೋಟಾರ್ಸ್ ಮತ್ತು ಬ್ರೆಜಿಲ್ ದೇಶದ ಮಾರ್ಕೊಪೋಲೊ ಕಂಪನಿ 2006ರಲ್ಲಿ ಕೂಡಿ ಆರಂಭಿಸಿದ ಬಸ್ ಬಾಡಿ ಕಂಪನಿಯ ಕಾರ್ಖಾನೆ ಇಲ್ಲಿದೆ. ಈಗ ಅದು ಪೂರ್ತಿ ಟಾಟಾ ಮೋಟಾರ್ಸ್‌ನದು, ಆದರೂ ಜನ ಇನ್ನೂ ಮಾರ್ಕೊಪೋಲೊ ಎಂದೇ ಕರೆಯುತ್ತಾರೆ. ಮಣ್ಣು ಅಗೆಯುವ ಯಂತ್ರಗಳನ್ನು ಮಾಡುವ ಟಾಟಾ ಹಿಟಾಚಿಯೂ ಇದೇ ಪ್ರದೇಶದಲ್ಲಿದೆ. ಇಂಥ ದೊಡ್ಡ ಕಾರ್ಖಾನೆಗಳ ಸುತ್ತ ಸಣ್ಣ ಸಣ್ಣ ಘಟಕಗಳು ತಗಡು ಕತ್ತರಿಸಿ, ಬಾಗಿಸಿ, ತೂತು ಕೊರೆದು, ಬೆಸೆದು ಬದುಕುತ್ತವೆ. ಅವುಗಳಲ್ಲಿ ಕೆಲಸ ಮಾಡುವವರ ಮಕ್ಕಳು, ತಮ್ಮ ತಂಗಿಯರು ನಮ್ಮ ಕಾಲೇಜಿನಲ್ಲೂ ಇದ್ದಾರೆ.

ಎರಡು ಲೋಹ ಏಕೆ ಬೇಕು?

ಮೊದಲು ಈ ಪ್ರಶ್ನೆ ಕೇಳಬೇಕು. ಎಲ್ಲವನ್ನೂ ಉಕ್ಕಿನಲ್ಲೇ ಮಾಡಿದರೆ ಬೆಸುಗೆಯ ತೊಂದರೆಯೇ ಇಲ್ಲವಲ್ಲ?

ಉತ್ತರ ತೂಕದಲ್ಲಿದೆ. ಒಂದು ಘನ ಸೆಂಟಿಮೀಟರ್ ಉಕ್ಕಿನ ತೂಕ ಸುಮಾರು 7.85 ಗ್ರಾಂ. ಅಷ್ಟೇ ಅಲ್ಯೂಮಿನಿಯಂ ಕೇವಲ 2.7 ಗ್ರಾಂ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ತಗಡು ತೆಗೆದುಕೊಳ್ಳಿ. ಉಕ್ಕಿನದಾದರೆ 15.7 ಕಿಲೋ, ಅಲ್ಯೂಮಿನಿಯಂದಾದರೆ 5.4 ಕಿಲೋ. ಬಸ್ಸೋ ಕಾರೋ ಹಗುರವಾದಷ್ಟು ಡೀಸೆಲ್ ಉಳಿಯುತ್ತದೆ. ಬ್ಯಾಟರಿ ವಾಹನಕ್ಕೆ ಇದು ಇನ್ನೂ ಮುಖ್ಯ, ಏಕೆಂದರೆ ಬ್ಯಾಟರಿಯೇ ಬಹಳ ಭಾರ.

ಹಾಗಾದರೆ ಎಲ್ಲವನ್ನೂ ಅಲ್ಯೂಮಿನಿಯಂನಲ್ಲೇ ಮಾಡಬಾರದೇಕೆ? ಒಂದು, ಅದರ ಬೆಲೆ ಹೆಚ್ಚು. ಎರಡು, ಅದು ಬೇಗ ಬಾಗುತ್ತದೆ. ಒಂದೇ ಅಳತೆಯ ಎರಡು ಪಟ್ಟಿಗಳ ಮೇಲೆ ಒಂದೇ ಭಾರ ಇಟ್ಟರೆ ಅಲ್ಯೂಮಿನಿಯಂ ಪಟ್ಟಿ ಉಕ್ಕಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಬಾಗುತ್ತದೆ. ಆದ್ದರಿಂದ ಭಾರ ಹೊರುವ ಜಾಗಕ್ಕೆ ಉಕ್ಕು, ಮುಚ್ಚುವ ಜಾಗಕ್ಕೆ ಅಲ್ಯೂಮಿನಿಯಂ ಎಂದು ಹಂಚಿಕೊಳ್ಳುವುದು ಜಾಣತನ. ಹಂಚಿಕೊಂಡ ಮೇಲೆ ಎಲ್ಲೋ ಒಂದು ಕಡೆ ಅವೆರಡೂ ಕೂಡಲೇಬೇಕು. ತೊಂದರೆ ಶುರುವಾಗುವುದು ಆ ಜಾಗದಲ್ಲಿ.

ಸಾಮಾನ್ಯ ವೆಲ್ಡಿಂಗ್ ಏಕೆ ಸೋಲುತ್ತದೆ?

ಭಾಯಿಜಾನ್ ಮಾಡುವುದು ಆರ್ಕ್ ವೆಲ್ಡಿಂಗ್. ವಿದ್ಯುತ್ ಕಿಡಿಯ ಕಾವಿಗೆ ಎರಡೂ ತುಂಡಿನ ಅಂಚು ಕರಗಿ, ಒಂದರಲ್ಲೊಂದು ಬೆರೆತು, ಆರಿದಾಗ ಒಂದೇ ಆಗುತ್ತದೆ. ಉಕ್ಕಿಗೆ ಉಕ್ಕು ಹೀಗೆ ಚೆನ್ನಾಗಿ ಕೂಡುತ್ತದೆ. ಉಕ್ಕಿಗೆ ಅಲ್ಯೂಮಿನಿಯಂ ಕೂಡದಿರಲು ನಾಲ್ಕು ಕಾರಣಗಳಿವೆ.

1. ಕರಗುವ ಬಿಂದು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಬೇಕು. ಉಕ್ಕು ಇನ್ನೂ ಕೆಂಪಗಾಗುತ್ತಿರುವಾಗಲೇ ಅಲ್ಯೂಮಿನಿಯಂ ನೀರಾಗಿ ಹರಿದುಬಿಡುತ್ತದೆ.

2. ಮೇಲಿನ ಪೊರೆ. ಅಲ್ಯೂಮಿನಿಯಂ ಗಾಳಿಗೆ ತಾಗಿದ ಕೂಡಲೇ ಅದರ ಮೇಲೆ ಆಕ್ಸೈಡಿನ ತೀರಾ ತೆಳುವಾದ ಪೊರೆ ಬರುತ್ತದೆ. ಈ ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚು ಕಾವು ಬೇಕು. ಒಳಗಿನ ಲೋಹ ಕರಗಿದರೂ ಪೊರೆ ಹಾಗೆಯೇ ಉಳಿದು ಎರಡು ಲೋಹಗಳ ನಡುವೆ ಪರದೆಯಂತೆ ನಿಲ್ಲುತ್ತದೆ.

3. ಹಿಗ್ಗುವಿಕೆ. ಕಾಯಿಸಿದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಆರಿದಾಗ ಅಷ್ಟೇ ಕುಗ್ಗುತ್ತದೆ. ಒಂದು ಹೆಚ್ಚು ಕುಗ್ಗಿ ಇನ್ನೊಂದು ಕಡಿಮೆ ಕುಗ್ಗಿದರೆ ಕೂಡಿದ ಗೆರೆಯ ಮೇಲೆ ಎಳೆತ ಬೀಳುತ್ತದೆ.

4. ನಡುವೆ ಹುಟ್ಟುವ ಹೊಸ ವಸ್ತು. ಇದೇ ಎಲ್ಲಕ್ಕಿಂತ ದೊಡ್ಡ ಕಾರಣ. ಬಿಸಿಯಲ್ಲಿ ಕಬ್ಬಿಣದ ಮತ್ತು ಅಲ್ಯೂಮಿನಿಯಂನ ಪರಮಾಣುಗಳು ಸೇರಿ ಹೊಸ ಸಂಯುಕ್ತಗಳಾಗುತ್ತವೆ. ಎರಡು ಕಬ್ಬಿಣಕ್ಕೆ ಐದು ಅಲ್ಯೂಮಿನಿಯಂ ಸೇರಿದ್ದು ಒಂದು, ಒಂದು ಕಬ್ಬಿಣಕ್ಕೆ ಸುಮಾರು ಮೂರು ಅಲ್ಯೂಮಿನಿಯಂ ಸೇರಿದ್ದು ಇನ್ನೊಂದು. ಅಲ್ಯೂಮಿನಿಯಂ ಬಾಗುತ್ತದೆ, ಉಕ್ಕೂ ಬಾಗುತ್ತದೆ, ಆದರೆ ಅವುಗಳ ಈ ಮಗು ಬಾಗುವುದಿಲ್ಲ. ಗಾಜಿನಂತೆ ಗಡಸು, ಪೆಟ್ಟು ಬಿದ್ದರೆ ಬಿರುಕು. ಶೇಂಗಾ ಚಿಕ್ಕಿ ಮಾಡುವಾಗ ಬೆಲ್ಲದ ಪಾಕ ಹದ ಮೀರಿದರೆ ಕಡಕ್ಕನೆ ಮುರಿಯುತ್ತದಲ್ಲ, ಹಾಗೆ.

ಈ ಪದರ ಪೂರ್ತಿ ಇರಲೇಬಾರದು ಎಂದೇನಿಲ್ಲ. ಸ್ವಲ್ಪ ಇದ್ದರೆ ಎರಡು ಲೋಹ ನಿಜವಾಗಿ ಹಿಡಿದುಕೊಂಡಿವೆ ಎಂದರ್ಥ. ದಪ್ಪವಾದರೆ ಮಾತ್ರ ಅಪಾಯ. ಸಾಮಾನ್ಯವಾಗಿ ಅದು 10 ಮೈಕ್ರಾನ್ ಮೀರಬಾರದು, ಅದಕ್ಕಿಂತ ಎಷ್ಟು ತೆಳುವಾದರೆ ಅಷ್ಟು ಒಳ್ಳೆಯದು ಎಂದು ಹೇಳುತ್ತಾರೆ. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಕಾವು ಹೆಚ್ಚಾದಷ್ಟೂ, ಹೊತ್ತು ಹೆಚ್ಚಾದಷ್ಟೂ ಈ ಪದರ ಬೆಳೆಯುತ್ತದೆ. ಹಾಗಾದರೆ ಗುಟ್ಟು ಇಷ್ಟೇ: ಕಡಿಮೆ ಕಾವು, ಕಡಿಮೆ ಹೊತ್ತು. ಕರಗಿಸದೆ ಕೂಡಿಸಬೇಕು.

ಕರಗಿಸದೆ ಕಲಕುವ ಬೆಸುಗೆ

ಇಂಗ್ಲೆಂಡಿನ ಕೇಂಬ್ರಿಡ್ಜ್ ಬಳಿ ದಿ ವೆಲ್ಡಿಂಗ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ವೇಯ್ನ್ ಥಾಮಸ್ ಮತ್ತು ಸಂಗಡಿಗರು 1991ರಲ್ಲಿ ಒಂದು ಹೊಸ ವಿಧಾನ ಕಂಡುಹಿಡಿದರು. ಅದರ ಹೆಸರು ಫ್ರಿಕ್ಷನ್ ಸ್ಟರ್ ವೆಲ್ಡಿಂಗ್. ನಾವು ಇದನ್ನು ಘರ್ಷಣೆಯಿಂದ ಕಲಕುವ ಬೆಸುಗೆ ಎನ್ನಬಹುದು.

ಇದಕ್ಕೆ ಬೇಕಾದ ಉಪಕರಣ ನೋಡಲು ಸರಳ. ಗಟ್ಟಿ ಲೋಹದ ಒಂದು ದುಂಡು ಕೋಲು. ಅದರ ತುದಿಯಲ್ಲಿ ಚಿಕ್ಕ ಗೂಟ. ಗೂಟದ ಮೇಲೆ ಅಗಲವಾದ ಭುಜ. ಕೂಡಿಸಬೇಕಾದ ಎರಡು ತಗಡುಗಳನ್ನು ಅಲುಗದಂತೆ ಬಿಗಿದು, ಈ ಕೋಲನ್ನು ನಿಮಿಷಕ್ಕೆ ನೂರಾರು ಸುತ್ತು ತಿರುಗಿಸುತ್ತಾ ಬಲವಾಗಿ ಒತ್ತುತ್ತಾರೆ. ಗೂಟ ಲೋಹದೊಳಗೆ ಇಳಿಯುತ್ತದೆ, ಭುಜ ಮೇಲ್ಮೈಯನ್ನು ಉಜ್ಜುತ್ತದೆ. ಉಜ್ಜುವ ಕಾವಿಗೆ ಅಲ್ಯೂಮಿನಿಯಂ ಮೆತ್ತಗಾಗುತ್ತದೆ, ಆದರೆ ಕರಗುವುದಿಲ್ಲ. ಆಮೇಲೆ ಕೋಲು ಗೆರೆಯುದ್ದಕ್ಕೂ ನಿಧಾನವಾಗಿ ಮುಂದೆ ಸಾಗುತ್ತದೆ. ಮುಂದಿನ ಮೆತ್ತನೆಯ ಲೋಹ ಗೂಟವನ್ನು ಸುತ್ತಿಕೊಂಡು ಹಿಂದೆ ಹೋಗಿ ಅಲ್ಲೇ ಗಟ್ಟಿಯಾಗುತ್ತದೆ.

ನನಗೆ ಇದು ಅರ್ಥವಾದದ್ದು ಹಲೀಮ್ ನೆನಪಾದಾಗ. ರಂಜಾನಿನಲ್ಲಿ ಅಮ್ಮಿ ಹಲೀಮ್ ಮಾಡುವಾಗ ಗೋಧಿ, ಬೇಳೆ, ಮಾಂಸ ಯಾವುದೂ ಕರಗುವುದಿಲ್ಲ. ಬಿಸಿಯಲ್ಲಿ ಮೆತ್ತಗಾದದ್ದನ್ನು ಮರದ ಘೋಟನಿಯಿಂದ ಒತ್ತಿ ಒತ್ತಿ ಕಲಕುತ್ತಾರೆ. ಕೊನೆಗೆ ಯಾವುದು ಗೋಧಿ, ಯಾವುದು ಬೇಳೆ ಎಂದು ಬೇರೆ ಮಾಡಲಾಗದು. ಬೆಂಕಿ ಹೆಚ್ಚು ಮಾಡಿದರೆ ತಳ ಹಿಡಿಯುತ್ತದೆ, ಕಲಕುವುದು ಕಡಿಮೆಯಾದರೆ ಗಂಟು ಉಳಿಯುತ್ತದೆ. ಈ ಬೆಸುಗೆಯಲ್ಲೂ ಸುತ್ತುವ ವೇಗ, ಸಾಗುವ ವೇಗ, ಒತ್ತುವ ಬಲ ಮೂರನ್ನೂ ಹದವಾಗಿ ಇಡಬೇಕು.

ಅಲ್ಯೂಮಿನಿಯಂ ಮತ್ತು ಉಕ್ಕನ್ನು ಪಕ್ಕಪಕ್ಕ ಇಟ್ಟು ಕೂಡಿಸುವಾಗ ಒಂದು ಜಾಣತನ ಮಾಡುತ್ತಾರೆ. ಗೂಟವನ್ನು ಸರಿಯಾಗಿ ಗೆರೆಯ ಮೇಲೆ ಇಡುವುದಿಲ್ಲ. ಬಹುಪಾಲು ಅಲ್ಯೂಮಿನಿಯಂ ಕಡೆಗೆ ಸರಿಸಿ, ಉಕ್ಕಿನ ಅಂಚನ್ನು ಕೂದಲೆಳೆಯಷ್ಟು ಮಾತ್ರ ಸವರುವಂತೆ ಇಡುತ್ತಾರೆ. ಮೆತ್ತನೆಯ ಲೋಹ ಕಲಕುತ್ತದೆ, ಗಟ್ಟಿ ಲೋಹದ ಮೇಲ್ಮೈ ಹೊಸದಾಗಿ ತೆರೆದುಕೊಳ್ಳುತ್ತದೆ, ಎರಡೂ ಒತ್ತಡದಲ್ಲಿ ಅಂಟಿಕೊಳ್ಳುತ್ತವೆ. ಗೂಟ ಉಕ್ಕಿನೊಳಗೆ ಹೆಚ್ಚು ಹೋದರೆ ಬೇಗ ಸವೆಯುತ್ತದೆ. ಅದಕ್ಕೇ ಇಂಥ ಕೆಲಸಕ್ಕೆ ಟಂಗ್‌ಸ್ಟನ್ ಕಾರ್ಬೈಡ್‌ನಂಥ ದುಬಾರಿ ಗೂಟ ಬೇಕಾಗುತ್ತದೆ.

ಈ ಬೆಸುಗೆಯಲ್ಲಿ ಹೊಗೆ ಇಲ್ಲ, ಕಣ್ಣು ಕುಕ್ಕುವ ಬೆಳಕಿಲ್ಲ, ವೆಲ್ಡಿಂಗ್ ರಾಡೂ ಬೇಕಿಲ್ಲ. ಇದನ್ನು ಓದಿದಾಗ ನನಗೆ ಭಾಯಿಜಾನ್ ಕಣ್ಣು ನೆನಪಾಯಿತು. ಕೆಲವು ರಾತ್ರಿ ಅವರು ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗುತ್ತಾರೆ.

ಇದು ಬರೀ ಪುಸ್ತಕದ ಮಾತಲ್ಲ. ಹೋಂಡಾ ಕಂಪನಿ 2012ರ ಸೆಪ್ಟೆಂಬರಿನಲ್ಲಿ ತನ್ನ 2013ರ ಮಾದರಿಯ ಅಕಾರ್ಡ್ ಕಾರಿನ ಮುಂಭಾಗದ ಚೌಕಟ್ಟಿನಲ್ಲಿ ಉಕ್ಕು ಮತ್ತು ಅಲ್ಯೂಮಿನಿಯಂ ಅನ್ನು ಹೀಗೆ ಬೆಸೆದಿರುವುದಾಗಿ ಪ್ರಕಟಿಸಿತು. ಮೊದಲಿನ ಉಕ್ಕಿನ ಚೌಕಟ್ಟಿಗಿಂತ ತೂಕ ಶೇಕಡಾ 25ರಷ್ಟು ಇಳಿಯಿತು, ಬೆಸುಗೆಗೆ ಬಳಸುವ ವಿದ್ಯುತ್ ಸುಮಾರು ಅರ್ಧವಾಯಿತು ಎಂದು ಕಂಪನಿ ಹೇಳಿತು. ನಮ್ಮ ರಾಜ್ಯದಲ್ಲೂ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸತೀಶ್ ವಾಸು ಕೈಲಾಸ್ ಮತ್ತು ಅವರ ವಿದ್ಯಾರ್ಥಿಗಳು ಗೂಟದ ಸುತ್ತ ಲೋಹ ಹೇಗೆ ಹರಿಯುತ್ತದೆ ಎಂಬುದರ ಮೇಲೆ ಸಂಶೋಧನೆ ಮಾಡಿ ಪ್ರಕಟಿಸಿದ್ದಾರೆ.

ಕೇಳಿಸದ ಶಬ್ದದ ನೆರವು

ಇಷ್ಟಾದರೂ ಉಕ್ಕು ಮತ್ತು ಅಲ್ಯೂಮಿನಿಯಂ ನಡುವೆ ಆ ಗಾಜಿನಂಥ ಪದರ ಸ್ವಲ್ಪ ಬಂದೇ ಬರುತ್ತದೆ. ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ ಆಗಬಹುದು. ಇದನ್ನು ಇನ್ನೂ ಕಡಿಮೆ ಮಾಡಲು ಸಂಶೋಧಕರು ಶ್ರವಣಾತೀತ ಧ್ವನಿಯ ನೆರವು ಪಡೆಯುತ್ತಿದ್ದಾರೆ.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ ಕೇಳಬಲ್ಲದು. ಅದಕ್ಕಿಂತ ಹೆಚ್ಚಿನದು ಶ್ರವಣಾತೀತ. ಬಾವಲಿಗೆ ಕೇಳುತ್ತದೆ, ನಮಗೆ ಕೇಳುವುದಿಲ್ಲ. ಆಸ್ಪತ್ರೆಯ ಸ್ಕ್ಯಾನಿಂಗ್‌ನಲ್ಲಿ ಬಳಸುವುದೂ ಇದೇ ಜಾತಿಯ ಧ್ವನಿ, ಆದರೆ ಅದರ ಕಂಪನ ಇನ್ನೂ ಬಹಳ ಹೆಚ್ಚು. ಬೆಸುಗೆಯಲ್ಲಿ ಬಳಸುವುದು ಸಾಮಾನ್ಯವಾಗಿ ಸೆಕೆಂಡಿಗೆ 20,000 ಕಂಪನದ ಆಸುಪಾಸಿನದು. ವಿದ್ಯುತ್ ಕೊಟ್ಟರೆ ಹಿಗ್ಗಿ ಕುಗ್ಗುವ ವಿಶೇಷ ಹರಳುಗಳಿಂದ ಕಂಪನ ಹುಟ್ಟಿಸಿ, ಒಂದು ಲೋಹದ ಕೊಂಬಿನ ಮೂಲಕ ತಗಡಿಗೋ ಉಪಕರಣಕ್ಕೋ ದಾಟಿಸುತ್ತಾರೆ. ಕೊಂಬಿನ ತುದಿ ಅಲುಗುವುದು ಕೆಲವೇ ಮೈಕ್ರಾನ್‌ನಿಂದ ಕೆಲವು ಹತ್ತು ಮೈಕ್ರಾನ್ ಮಾತ್ರ. ಕಣ್ಣಿಗೆ ಕಾಣದು.

ಇಷ್ಟು ಸಣ್ಣ ಅಲುಗಾಟದಿಂದ ಏನಾಗುತ್ತದೆ? 1955ರಲ್ಲಿ ಬ್ಲಾಹ ಮತ್ತು ಲಾಂಗೆನೆಕರ್ ಎಂಬ ಇಬ್ಬರು ವಿಜ್ಞಾನಿಗಳು ಸತುವಿನ ಹರಳನ್ನು ಎಳೆಯುತ್ತಾ ಅದಕ್ಕೆ ಶ್ರವಣಾತೀತ ಕಂಪನ ಕೊಟ್ಟರು. ಕಂಪನ ಇರುವಾಗ ಹರಳನ್ನು ಹಿಗ್ಗಿಸಲು ಬೇಕಾದ ಬಲ ಕಡಿಮೆಯಾಯಿತು. ಅಂದರೆ ಹೆಚ್ಚು ಕಾಯಿಸದೆಯೇ ಲೋಹ ಮೆತ್ತಗಾದಂತೆ ವರ್ತಿಸಿತು. ಮನೆಯ ಉದಾಹರಣೆ ಕೊಡುವುದಾದರೆ, ಡಬ್ಬಿಗೆ ಅಕ್ಕಿ ಸುರಿದು ಕೈಯಿಂದ ಒತ್ತಿದರೆ ಅದು ಕೂರುವುದಿಲ್ಲ, ಡಬ್ಬಿಯನ್ನು ಸ್ವಲ್ಪ ಕುಲುಕಿದರೆ ತಾನಾಗಿ ಕೂರುತ್ತದೆ. ಲೋಹದ ಒಳಗಿನ ಕೆಲಸ ಇದಕ್ಕಿಂತ ಬೇರೆ, ಆದರೆ ಒತ್ತುವುದರ ಜೊತೆಗೆ ಅಲುಗಾಡಿಸಿದರೆ ಕೆಲಸ ಹಗುರ ಎಂಬ ಮಾತು ಎರಡಕ್ಕೂ ಹೊಂದುತ್ತದೆ.

ಕಲಕುವ ಬೆಸುಗೆಗೆ ಈ ಕಂಪನ ಸೇರಿಸಿದಾಗ ಮೂರು ಲಾಭಗಳನ್ನು ನಿರೀಕ್ಷಿಸುತ್ತಾರೆ. ಒಂದು, ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪೊರೆ ಚೆನ್ನಾಗಿ ಒಡೆದು ಹೊಸ ಲೋಹಕ್ಕೆ ಹೊಸ ಲೋಹ ತಾಗುತ್ತದೆ. ಎರಡು, ಲೋಹ ಸುಲಭವಾಗಿ ಹರಿಯುವುದರಿಂದ ಕಡಿಮೆ ಬಲ ಸಾಕು, ವೇಗವಾಗಿಯೂ ಸಾಗಬಹುದು. ಮೂರು, ಕಾವಿನಲ್ಲಿ ಇರುವ ಹೊತ್ತು ಕಡಿಮೆಯಾದರೆ ಗಾಜಿನಂಥ ಪದರ ತೆಳುವಾಗಿ ಉಳಿಯುತ್ತದೆ. ಜರ್ಮನಿಯ ಕೆಮ್‌ನಿಟ್ಸ್ ಮತ್ತು ಕೈಸರ್ಸ್‌ಲೌಟರ್ನ್‌ನ ಸಂಶೋಧಕರು, ಚೀನಾದ ಶಾಂಡಾಂಗ್ ವಿಶ್ವವಿದ್ಯಾಲಯದವರು ಈ ವಿಷಯದಲ್ಲಿ ಕೆಲಸ ಮಾಡಿದ್ದಾರೆ. 2018ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನ 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹವನ್ನು ತಗಡಿನ ಕೆಲಸಕ್ಕೆ ಬಳಸುವ ಮೆದು ಉಕ್ಕಿಗೆ ಬೆಸೆದು ಪರೀಕ್ಷಿಸಿದ್ದು. ಆದರೆ ಶ್ರವಣಾತೀತ ನೆರವಿನ ಈ ವಿಧಾನ ಇನ್ನೂ ಹೆಚ್ಚಾಗಿ ಪ್ರಯೋಗಾಲಯದ ಮಟ್ಟದಲ್ಲೇ ಇದೆ.

ಶುಕ್ರವಾರ ಅಮ್ಮಿ ಸೂರಃ ಅಲ್-ಕಹ್ಫ್ ಓದುವಾಗ ಜುಲ್‌ಕರ್ನೈನ್ ಕಬ್ಬಿಣದ ಗಟ್ಟಿಗಳನ್ನು ಜೋಡಿಸಿ, ಬೆಂಕಿ ಊದಿಸಿ, ಕರಗಿದ ತಾಮ್ರ ಸುರಿದು ಗೋಡೆ ಕಟ್ಟಿದ ಪ್ರಸಂಗ ಬರುತ್ತದೆ. ಸೂರಃ ಸಬಾದಲ್ಲಿ ದಾವೂದ್ ಅಲೈಹಿಸ್ಸಲಾಮ್ ಅವರಿಗೆ ಕಬ್ಬಿಣವನ್ನು ಮೃದುವಾಗಿಸಿದ ಮಾತಿದೆ. ಪವಿತ್ರ ಗ್ರಂಥವನ್ನು ವೆಲ್ಡಿಂಗ್ ಪಾಠವಾಗಿ ಓದಬಾರದು ಎಂದು ನಮ್ಮ ದೀನಿಯಾತ್ ಉಸ್ತಾದರು ಹೇಳುತ್ತಾರೆ, ಅದು ಸರಿ. ಆದರೂ ಲೋಹದ ಕೆಲಸ ಪ್ರವಾದಿಗಳ ಕೈಗೂ ಗೌರವ ತಂದ ಕೆಲಸ ಎಂಬುದು ಅದರಿಂದ ತಿಳಿಯುತ್ತದೆ. ಕೈ ಕಪ್ಪಾಗುವ ಕೆಲಸವನ್ನು ಕೀಳೆಂದು ನೋಡುವವರು ಇದನ್ನು ನೆನಪಿಡಬೇಕು.

ಈಗ ನಮ್ಮ ವಾಣಿಜ್ಯದ ಲೆಕ್ಕ

ಇಷ್ಟು ಒಳ್ಳೆಯ ವಿಧಾನವಿದ್ದರೆ ಬೇಲೂರಿನ ಸಣ್ಣ ಘಟಕಗಳು ಇಂದೇ ಏಕೆ ತರಬಾರದು? ಇಲ್ಲಿ ನನ್ನ ವಿಷಯ ಬಂತು. ಕೆಳಗಿನ ಅಂಕಿಗಳು ನಿಜವಾದ ಬೆಲೆಗಳಲ್ಲ, ಲೆಕ್ಕ ಅರ್ಥವಾಗಲೆಂದು ನಾನು ಊಹಿಸಿಕೊಂಡವು.

ರಿವೆಟ್ ವಿಧಾನದಲ್ಲಿ ಒಂದು ತುಂಡಿಗೆ ರಿವೆಟ್, ವಾಷರ್, ಕೂಲಿ ಎಲ್ಲ ಸೇರಿ 30 ರೂಪಾಯಿ ಎನ್ನೋಣ. ಕಲಕುವ ಬೆಸುಗೆಯಲ್ಲಿ ತುಂಡಿಗೆ 12 ರೂಪಾಯಿ. ಆದರೆ ಯಂತ್ರದ ಸವಕಳಿ, ಬ್ಯಾಂಕ್ ಬಡ್ಡಿ, ನಿರ್ವಹಣೆ ಸೇರಿ ವರ್ಷಕ್ಕೆ 18,00,000 ರೂಪಾಯಿ ಸ್ಥಿರ ವೆಚ್ಚ. ಪ್ರತಿ ತುಂಡಿಗೆ ಉಳಿತಾಯ 30 − 12 = 18 ರೂಪಾಯಿ. ಸ್ಥಿರ ವೆಚ್ಚ ಹುಟ್ಟಲು 18,00,000 ÷ 18 = 1,00,000 ತುಂಡು ಬೇಕು. ಇದೇ ಬ್ರೇಕ್ ಈವನ್ ಪಾಯಿಂಟ್.

ಸಣ್ಣ ಘಟಕವೊಂದು ವರ್ಷಕ್ಕೆ 20,000 ತುಂಡು ಮಾಡುತ್ತದೆ ಎನ್ನೋಣ. ಅದಕ್ಕೆ ತುಂಡೊಂದಕ್ಕೆ 90 ರೂಪಾಯಿ ಸ್ಥಿರ ವೆಚ್ಚ, 12 ರೂಪಾಯಿ ಬದಲಾಗುವ ವೆಚ್ಚ, ಒಟ್ಟು 102 ರೂಪಾಯಿ ಬೀಳುತ್ತದೆ. ರಿವೆಟ್ಟಿನ 30 ರೂಪಾಯಿಯ ಮುಂದೆ ಇದು ನಷ್ಟ. ವರ್ಷಕ್ಕೆ 5,00,000 ತುಂಡು ಮಾಡುವ ದೊಡ್ಡ ಕಂಪನಿಗೆ ಸ್ಥಿರ ವೆಚ್ಚ ತುಂಡಿಗೆ 3.60 ರೂಪಾಯಿ, ಒಟ್ಟು 15.60 ರೂಪಾಯಿ. ಅವರಿಗೆ ಲಾಭ. ಯಂತ್ರ ಒಂದೇ, ವಿಜ್ಞಾನವೂ ಒಂದೇ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ ಮಾಡುವುದು ಸಂಖ್ಯೆ.

ಶ್ರವಣಾತೀತ ಸಲಕರಣೆ ಸೇರಿಸಿದರೆ? ಸ್ಥಿರ ವೆಚ್ಚ ವರ್ಷಕ್ಕೆ 2,70,000 ಹೆಚ್ಚಿತು, ಕೆಲಸ ಬೇಗ ಆಗುವುದರಿಂದ ತುಂಡಿನ ವೆಚ್ಚ 12ರಿಂದ 10ಕ್ಕೆ ಇಳಿಯಿತು ಎನ್ನೋಣ. ಆಗ 20,70,000 ÷ 20 = 1,03,500 ತುಂಡು. ಹೆಚ್ಚೇನೂ ಬದಲಾಗಲಿಲ್ಲ. ಈ ಊಹೆಯಲ್ಲಿ ಶ್ರವಣಾತೀತವನ್ನು ಹಣ ಉಳಿಸಲು ಕೊಳ್ಳುವಂತಿಲ್ಲ, ಬೆಸುಗೆ ಗಟ್ಟಿಯಾಗಿ ಸರಕು ವಾಪಸ್ ಬರದಿರಲೆಂದು ಮಾತ್ರ ಕೊಳ್ಳಬೇಕು.

ಒಂದು ದಾರಿ ಇದೆ. 20,000 ತುಂಡು ಮಾಡುವ ಐದು ಘಟಕಗಳು ಕೂಡಿ ಒಂದೇ ಯಂತ್ರ ಇಟ್ಟರೆ 1,00,000 ತುಂಡಾಗಿ ಖರ್ಚು ಹುಟ್ಟುತ್ತದೆ. ಆರನೆಯ ಘಟಕ ಬಂದರೆ ಲಾಭ ಶುರು. ಹೀಗೆ ಸಣ್ಣ ಉದ್ದಿಮೆಗಳು ಕೂಡಿ ಸಾಮಾನ್ಯ ಸೌಲಭ್ಯ ಕೇಂದ್ರ ಮಾಡಿಕೊಳ್ಳಲು ಕೇಂದ್ರ ಸರ್ಕಾರದ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಲ್ಲಿ ನೆರವು ಸಿಗುತ್ತದೆ. ಎರಡು ಲೋಹ ಕೂಡಿಸುವುದಕ್ಕಿಂತ ಐದು ಮಾಲೀಕರನ್ನು ಕೂಡಿಸುವುದು ಕಷ್ಟ ಎಂದು ಅಬ್ಬಾ ಹೇಳುತ್ತಾರೆ!

ನನ್ನ ತಪ್ಪು ತಿಳಿವಳಿಕೆ

ಇಷ್ಟೆಲ್ಲ ಬರೆದುಕೊಂಡು ನಾನು ಹೆಮ್ಮೆಯಿಂದ ಕಾರ್ಖಾನೆಗೆ ಹೋಗಿದ್ದೆ. ಅಲ್ಲಿ ಭಾಯಿಜಾನ್ ಅವರಿಗೆ ಕೆಲಸ ಕಲಿಸಿದ ಹಿರಿಯ ಕಾಕಾ ಒಬ್ಬರಿದ್ದಾರೆ. "ಏನ್ ನೋಡಾಕ ಬಂದಿ ತಂಗಿ?" ಎಂದು ಕೇಳಿ, ವಾಪಸ್ ಬಂದ ಒಂದು ತುಂಡನ್ನು ನನ್ನ ಕೈಗೆ ಕೊಟ್ಟರು. ನಾನು ಕಲಕುವ ಬೆಸುಗೆಯ ಬಗ್ಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಬೆಸದ್ ಮ್ಯಾಲೂ ಎರಡೂ ಲೋಹ ಒಂದಕ್ಕೊಂದು ಹತ್ತಿಕೊಂಡೇ ಇರ್ತಾವಲ್ಲ? ನೀರು ಬಿದ್ರ ಏನಾಗ್ತದ?"

ನನಗೆ ಉತ್ತರ ಬರಲಿಲ್ಲ. ಮರುದಿನ ರಸಾಯನಶಾಸ್ತ್ರದ ಮೇಡಂ ವಿವರಿಸಿದರು. ಎರಡು ಬೇರೆ ಲೋಹ ತಾಗಿಕೊಂಡು ಅವುಗಳ ಮೇಲೆ ಉಪ್ಪು ನೀರು ನಿಂತರೆ ಅದೊಂದು ಸಣ್ಣ ಬ್ಯಾಟರಿ. ಪ್ರಮಾಣಿತ ವಿಭವದ ಪಟ್ಟಿಯಲ್ಲಿ ಅಲ್ಯೂಮಿನಿಯಂ −1.66 ವೋಲ್ಟ್, ಕಬ್ಬಿಣ −0.44 ವೋಲ್ಟ್. ಕೆಳಗಿರುವ ಅಲ್ಯೂಮಿನಿಯಂ ಎಲೆಕ್ಟ್ರಾನ್ ಬಿಟ್ಟುಕೊಟ್ಟು ತಾನು ಸವೆಯುತ್ತದೆ, ಉಕ್ಕನ್ನು ಉಳಿಸುತ್ತದೆ. ಬಿಳಿ ಪುಡಿ ಎಂದರೆ ಹಾಗೆ ಸವೆದ ಅಲ್ಯೂಮಿನಿಯಂ. ಅಮ್ಮಿ ಸ್ಟೀಲ್ ಬಟ್ಟಲಿನಲ್ಲಿ ನಿಂಬೆ ಅಚಾರ್ ಇಟ್ಟು ಅಲ್ಯೂಮಿನಿಯಂ ಫಾಯಿಲ್ ಮುಚ್ಚಿದಾಗ ಅಚಾರ್ ತಾಗಿದಲ್ಲೆಲ್ಲ ಫಾಯಿಲ್‌ನಲ್ಲಿ ಸೂಜಿ ತೂತು ಬಿದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೆ. ಕಾರ್ಖಾನೆಯ ಆರು ನೂರು ತುಂಡಿಗೆ ಆದದ್ದೂ ಅದೇ.

ಅಂದರೆ ವೆಲ್ಡಿಂಗ್ ಇದ್ದರೂ ಸರಕು ಹಾಳಾಗಬಹುದಿತ್ತು. ಬೆಸುಗೆ ಬಲ ಕೊಡುತ್ತದೆ, ರಿವೆಟ್ಟಿನ ಕೆಳಗೆ ನೀರು ನಿಲ್ಲುವ ಸಂದನ್ನು ಕಡಿಮೆ ಮಾಡುತ್ತದೆ, ಆದರೆ ಉಪ್ಪು ನೀರನ್ನು ತಡೆಯುವುದಿಲ್ಲ. ತಡೆಯಲು ಬಣ್ಣವೋ ಸೀಲಂಟೋ ಬೇಕೇ ಬೇಕು. ಇನ್ನೊಂದು ವಿಚಿತ್ರ ಕಲಿತೆ. ಸವೆಯುವುದು ಅಲ್ಯೂಮಿನಿಯಂ ಎಂದು ಅದಕ್ಕೆ ಮಾತ್ರ ಬಣ್ಣ ಬಳಿದರೆ ಅಪಾಯ ಹೆಚ್ಚು. ಬಣ್ಣದಲ್ಲಿ ಒಂದು ಗೀರು ಬಿದ್ದರೆ, ಇಡೀ ಉಕ್ಕಿನ ಬಯಲು ಆ ಒಂದು ಗೀರಿನ ಮೇಲೆ ಬೀಳುತ್ತದೆ, ಅಲ್ಲಿ ಬೇಗ ತೂತಾಗುತ್ತದೆ. ಆದ್ದರಿಂದ ಉಕ್ಕಿಗೂ ತಪ್ಪದೆ ಬಣ್ಣ ಬಳಿಯಬೇಕು.

ಕಾಕಾ ಇದನ್ನು ವಿಭವದ ಪಟ್ಟಿ ಇಲ್ಲದೆಯೇ ಬಲ್ಲರು. "ನೀರು ನಿಲ್ಲಾಕ ಜಾಗಾ ಕೊಟ್ಟಿದ್ದ ನಮ್ ತಪ್ಪು" ಎಂದರು. ಈಗ ಹೊಸ ಸರಕಿನಲ್ಲಿ ಎರಡೂ ಲೋಹಕ್ಕೆ ಮೊದಲೇ ಬಣ್ಣ ಬಳಿದು, ನಡುವೆ ಸೀಲಂಟ್ ಹಚ್ಚಿ, ನೈಲಾನ್ ವಾಷರ್ ಇಟ್ಟು ರಿವೆಟ್ ಹೊಡೆಯುತ್ತಿದ್ದಾರೆ. ಸರಕು ಹೋಗಿದೆ. ಅದರ ಪರೀಕ್ಷೆ ಮುಂದಿನ ಮಳೆಗಾಲಕ್ಕೆ.

ಕೆಲಸ ಹೋಗುತ್ತದೆಯೇ?

ಕೊನೆಗೆ ಭಾಯಿಜಾನ್ ಕೇಳಿದ ಪ್ರಶ್ನೆ. "ಆ ಯಂತ್ರ ಬಂದರೆ ನನಗೇನು ಕೆಲಸ?" ಇದಕ್ಕೆ ನಾನು ನಗುತ್ತಾ ಉತ್ತರ ಕೊಡಲಾರೆ. ಕಲಕುವ ಬೆಸುಗೆಯಲ್ಲಿ ಕೈಯ ಹದಕ್ಕಿಂತ ಯಂತ್ರದ ಹದ ಮುಖ್ಯ. ಕೋಲಿನ ಸುತ್ತು, ವೇಗ, ಒತ್ತಡ ಎಲ್ಲವನ್ನೂ ಗಣಕ ನಿಯಂತ್ರಿಸುತ್ತದೆ. ಆದರೆ ತಗಡನ್ನು ಸರಿಯಾಗಿ ಬಿಗಿಯುವುದು, ಗೂಟ ಸವೆದದ್ದನ್ನು ಗುರುತಿಸುವುದು, ಬೆಸುಗೆ ನೋಡಿಯೇ ಒಳಗೆ ಪೊಳ್ಳಿದೆ ಎಂದು ಅನುಮಾನಿಸುವುದು ಲೋಹದ ಜೊತೆ ವರ್ಷಗಟ್ಟಲೆ ಇದ್ದವರಿಗೇ ಬರುವುದು. ಅಂಥವರು ಗಣಕ ಯಂತ್ರ ನಡೆಸುವುದನ್ನೂ ಕಲಿತರೆ ಅವರ ಬೆಲೆ ಹೆಚ್ಚುತ್ತದೆ. ಹುಬ್ಬಳ್ಳಿಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಸಿಎನ್‌ಸಿ ಕೋರ್ಸಿನ ವಿಚಾರಿಸಲು ಭಾಯಿಜಾನ್ ಮುಂದಿನ ವಾರ ಹೋಗುತ್ತಿದ್ದಾರೆ. ಅರ್ಜಿ ನಾನು ತುಂಬಿಕೊಡುತ್ತೇನೆ.

ನೀವೂ ಮಾಡಿ ನೋಡಿ

ಎರಡು ಗಾಜಿನ ಲೋಟದಲ್ಲಿ ಉಪ್ಪು ನೀರು ತೆಗೆದುಕೊಳ್ಳಿ. ಒಂದರಲ್ಲಿ ಬರೀ ಕಬ್ಬಿಣದ ಮೊಳೆ ಹಾಕಿ. ಇನ್ನೊಂದರಲ್ಲಿ ಅಂಥದೇ ಮೊಳೆಯ ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಬಿಗಿಯಾಗಿ ಸುತ್ತಿ ಹಾಕಿ. ಹತ್ತು ದಿನ ಬಿಟ್ಟು ಹೋಲಿಸಿ. ನಂತರ ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ:

1. ಯಾವ ಮೊಳೆಗೆ ಹೆಚ್ಚು ತುಕ್ಕು ಹಿಡಿಯಿತು? ಏಕೆ?
2. ಅಲ್ಯೂಮಿನಿಯಂ ಮತ್ತು ಉಕ್ಕಿನ ನಡುವಿನ ಗಡಸು ಪದರ ತೆಳುವಾಗಿರಬೇಕು ಏಕೆ?
3. ಮೇಲಿನ ಲೆಕ್ಕದಲ್ಲಿ ರಿವೆಟ್ ವೆಚ್ಚ 30ರ ಬದಲು 36 ರೂಪಾಯಿ ಆದರೆ, ಶ್ರವಣಾತೀತ ಇಲ್ಲದ ಯಂತ್ರದ ಬ್ರೇಕ್ ಈವನ್ ಪಾಯಿಂಟ್ ಎಷ್ಟು?

ಮೂರನೆಯದರ ಉತ್ತರ: 75,000 ತುಂಡು. ಮೊದಲಿನ ಎರಡಕ್ಕೆ ಉತ್ತರ ಈ ಲೇಖನದಲ್ಲೇ ಇದೆ.